ಬ್ಯಾಟು ಹಿಡಿದೇ ಓಡಿದವರು

ನ್ಯೂಜಿಲೆಂಡಿನಲ್ಲಿ ಸೆಪ್ಟೆಂಬರ್ ಬಂದು ಬಿಸಿಲಿಗೆ ಸ್ವಲ್ಪ ಕಾವು ಏರಿತೆಂದರೆ ನಮ್ಮ ಗ್ಯಾರೇಜಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ಯಾರೋ ತಲೆಗೆ ಹಚ್ಚಿಕೊಳ್ಳುತ್ತಿದ್ದಾರೆಂದು ತಿಳಿಯಬೇಡಿ. ನಮ್ಮ ಯಜಮಾನರ ತಲೆಯಲ್ಲಿ ಎಣ್ಣೆಗೆ ಈಗ ಅಂಥ ಕೆಲಸವೇನೂ ಉಳಿದಿಲ್ಲ. ಅವರು ಸ್ಟೂಲಿನ ಮೇಲೆ ಕೂತು ತಮ್ಮ ಹಳೆಯ ಬೇಸ್‌ಬಾಲ್ ಗ್ಲೌಸಿಗೆ, ಬಾಣಂತಿ ಮನೆಯಲ್ಲಿ ಕೂಸಿಗೆ ಹಚ್ಚುವಷ್ಟು ಅಕ್ಕರೆಯಿಂದ, ಎಣ್ಣೆ ತಿಕ್ಕುತ್ತಿರುತ್ತಾರೆ. ಚರ್ಮ ಮೆತ್ತಗಾಗಬೇಕಂತೆ. ಇವತ್ತು ಆ ವಾಸನೆ ನನ್ನ ಒಗ್ಗರಣೆಯನ್ನೂ ಮೀರಿಸಿ ಅಡುಗೆಮನೆಗೆ ಬಂತು. ನನಗೆ ನನ್ನ ಮದುವೆ ನೆನಪಾಯಿತು.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾನು ಆಕ್ಲೆಂಡಿಗೆ ಓದಲು ಬಂದು, ಆಗಷ್ಟೇ ಮನೆಗಳು ಏಳುತ್ತಿದ್ದ ಫ್ಲ್ಯಾಟ್ ಬುಷ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಧಾರವಾಡದ ಬಸವರಾಜ ನನ್ನ ಜೊತೆ ಓದು ಮುಗಿಸಿ ಪೆನ್‌ರೋಸಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಜಪಾನಿ ಗೆಳೆಯನೊಬ್ಬ ಇವರಿಗೂ ಇವರ ಫ್ಲ್ಯಾಟ್‌ಮೇಟ್‌ಗಳಿಗೂ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದ. ನನಗೆ ಗೊತ್ತಿದ್ದ ಕನ್ನಡದವರಲ್ಲಿ ಆ ಆಟಕ್ಕಿಳಿದ ಮೊದಲಿಗರು ಇವರೇ. ಮೊದಲಿಗರೆಂದು ಯಾರೂ ಹಾರ ಹಾಕಲಿಲ್ಲ. ಭಾನುವಾರ ಮಿಕ್ಕ ಹುಡುಗರೆಲ್ಲ ಕ್ರಿಕೆಟ್ ಆಡುವಾಗ ಪಕ್ಕದ ಮೈದಾನದಲ್ಲಿ ದೊಣ್ಣೆ ಬೀಸುವ ಇವರನ್ನು ಜನ ಕೆಲಸವಿಲ್ಲದ ಪೋಲಿಗಳೆಂದೇ ತೀರ್ಮಾನಿಸಿದ್ದರು. ಕ್ರಿಕೆಟ್ ಆಡುವವರಿಗೆ ಅದೇ ಹೊತ್ತಿನಲ್ಲಿ ಏನು ಕೆಲಸವಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾವಿಬ್ಬರೂ ಮದುವೆಯಾಗಬೇಕೆಂದಿದ್ದೆವು. ಊರಿನಲ್ಲಿದ್ದ ಅಪ್ಪ, ಹುಡುಗನನ್ನು ನೋಡಿ ಹೇಳುವ ಹೊಣೆಯನ್ನು ಚಿಕ್ಕಪ್ಪನಿಗೆ ವಹಿಸಿದ್ದರು. ಚಿಕ್ಕಪ್ಪ ಮೈಸೂರಿನಲ್ಲಿ ಕ್ರಿಕೆಟ್ ಅಂಪೈರ್ ಆಗಿದ್ದವರು. ಅವರು ಬೆರಳೆತ್ತಿದರೆ ಮುಗಿಯಿತು.

ಬಸವರಾಜರನ್ನು ಊಟಕ್ಕೆ ಕರೆದೆವು. ಈ ಪುಣ್ಯಾತ್ಮರು ಸುಮ್ಮನೆ ಬಿಸಿಬೇಳೆಬಾತ್ ತಿನ್ನಬಾರದೆ? ಆಟದ ಚರಿತ್ರೆ ಶುರುಮಾಡಿದರು. ಅಮೆರಿಕದಲ್ಲಿ ಮೊದಮೊದಲು ದುಡ್ಡಿಗಾಗಿ ಬೇಸ್‌ಬಾಲ್ ಆಡುತ್ತಿದ್ದವರನ್ನು ಕುಡುಕರು, ಜೂಜುಕೋರರು, ಮೈಗಳ್ಳರು ಎಂದೇ ನೋಡುತ್ತಿದ್ದರಂತೆ. ಒಳ್ಳೆಯ ಹೋಟೆಲುಗಳಲ್ಲಿ ಕೋಣೆ ಸಿಗುವುದೂ ಕಷ್ಟವಿತ್ತಂತೆ. ಮರ್ಯಾದಸ್ಥರು ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಮಧ್ಯಾಹ್ನವಾದರೆ ಅದೇ ಮರ್ಯಾದಸ್ಥರು ಮೈದಾನಕ್ಕೆ ಹೋಗಿ ಗಂಟಲು ಹರಿಯುವಂತೆ ಕೂಗುತ್ತಿದ್ದರಂತೆ.

"ಹಂಗ ನೋಡಿದ್ರ ನಮ್ಮ ಕಥಿ ಭಾಳ ಚಲೋ ಐತ್ರಿ ಅಂಕಲ್" ಎಂದು ಮುಗಿಸಿದರು.

ಅವರು ಹೊರಟಮೇಲೆ ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತ, "ಕೇಳಿಸ್ತೇನಮ್ಮ? ಆಟ ಹುಟ್ಟಿದ ದೇಶದಲ್ಲೇ ಹೆಣ್ಣು ಕೊಡ್ತಿರ್ಲಿಲ್ವಂತೆ. ನಾವ್ಯಾಕೆ ಕೊಡೋಣ?" ಎಂದರು.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಂಥ ಪೆದ್ದನನ್ನೇ ಯಾಕೆ ಇಷ್ಟಪಟ್ಟೆನೋ ಎಂದು ಸಿಟ್ಟು ಬಂತು. ಬೇರೆ ಯಾರೂ ಬೇಡವೆಂಬುದೂ ಅಷ್ಟೇ ಖಚಿತವಾಗಿತ್ತು. ಕಾಪಾಡಿದವರು ಚಿಕ್ಕಮ್ಮ.

"ಆಟ ನೋಡ್ದೇನೇ ಔಟ್ ಕೊಡೋ ಅಂಪೈರನ್ನ ಇವತ್ತೇ ನೋಡಿದ್ದು" ಎಂದರು, ಪಾತ್ರೆ ಎತ್ತುತ್ತ.

ಆ ಮಾತು ನಾಟಿರಬೇಕು. ಮುಂದಿನ ಭಾನುವಾರ ಚಿಕ್ಕಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮೈದಾನದ ಅಂಚಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಬಸವರಾಜ ಹೊಡೆದ ಚೆಂಡು ಎಲ್ಲರನ್ನೂ ದಾಟಿ ದೂರದ ಮರಗಳತ್ತ ಉರುಳಿತು. ಬೇಸ್‌ಬಾಲಿನಲ್ಲಿ ಹೊಡೆದ ಕೂಡಲೇ ಬ್ಯಾಟು ಬಿಸಾಕಿ, ಮೂರು ಮೂಲೆಗಳನ್ನು ಸುತ್ತಿ ಹೊರಟಲ್ಲಿಗೆ ಬಂದರೆ ಒಂದು ರನ್. ಇವರಿಗೋ ಹುಟ್ಟಿದಂದಿನಿಂದ ಮೈಗೂಡಿದ್ದು ಕ್ರಿಕೆಟ್. ಬ್ಯಾಟು ಹಿಡಿದೇ ಓಡಿ, ಮೊದಲ ಮೂಲೆಗೆ ಬಗ್ಗಿ ಬ್ಯಾಟು ತಾಗಿಸಿ, ತಿರುಗಿ ಬಂದ ದಾರಿಯಲ್ಲೇ ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿಬಂದರು. ತಂಡದವರು ತಲೆಯ ಮೇಲೆ ಕೈ ಹೊತ್ತರು. ಅಂಪೈರ್ ಔಟ್ ಎಂದ.

ನನ್ನ ಪಕ್ಕದ ಕುರ್ಚಿ ಹಿಂದಕ್ಕೆ ಬಿತ್ತು. ನೋಡಿದರೆ ಚಿಕ್ಕಪ್ಪ ಮೈದಾನದ ನಡುವೆ ನಿಂತು, ಆ ಬಡಪಾಯಿ ನ್ಯೂಜಿಲೆಂಡಿನ ಅಂಪೈರನ ಮೇಲೆ ಅಚ್ಚ ಮೈಸೂರು ಕನ್ನಡದಲ್ಲಿ ಹರಿಹಾಯುತ್ತಿದ್ದಾರೆ.

"ಏನ್ರೀ ಇದು ಅನ್ಯಾಯ? ನಮ್ಮ ಅಳಿಯಂದ್ರು ನೀಟಾಗಿ ಎರಡು ರನ್ ಓಡಿದಾರೆ, ಒಂದಾದ್ರೂ ಕೊಡ್ಬಾರ್ದಾ?"

ಬಸವರಾಜ ಏದುಸಿರು ಬಿಡುತ್ತ, ಕೈಯಲ್ಲಿನ್ನೂ ಬ್ಯಾಟು ಹಿಡಿದುಕೊಂಡೇ, "ಅಂಕಲ್, ಏನಂದ್ರಿ? ಇನ್ನೊಮ್ಮೆ ಅನ್ರಿ" ಎಂದರು.

"ಅಂಪೈರ್ ಒಂದ್ಸಲ ಹೇಳಿದ್ಮೇಲೆ ಮುಗೀತು" ಎಂದು ಚಿಕ್ಕಪ್ಪ ನನ್ನತ್ತ ನೋಡದೆ ಬಂದು ಕುರ್ಚಿ ಎತ್ತಿ ಕೂತರು. ಅಂದಿನ ನನ್ನ ಸಂತೋಷವನ್ನು ನಿಮಗೆ ಹೇಗೆ ಹೇಳಲಿ. ಬಿದ್ದು ಬಿದ್ದು ನಗುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಇತ್ತ ಒಗ್ಗರಣೆ ಸೀದಿತ್ತು. ಒಲೆ ಆರಿಸುವಷ್ಟರಲ್ಲಿ ವೆಲ್ಲಿಂಗ್ಟನ್ನಿನಿಂದ ಮಗಳ ಫೋನು. ನನ್ನ ಕನ್ನಡಕ್ಕೆ ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸುತ್ತ, ತನಗೊಬ್ಬ ಹುಡುಗ ಇಷ್ಟವಾಗಿದ್ದಾನೆಂದಳು. ಏನು ಮಾಡುತ್ತಾನೆ ಎಂದೆ. ಡಿಸ್ಕ್ ಗಾಲ್ಫ್ ಆಡುತ್ತಾನೆ, ಅದಕ್ಕಾಗಿ ಆಫೀಸಿನಲ್ಲಿ ಅರ್ಧ ಕೆಲಸ ಬಿಟ್ಟಿದ್ದಾನೆ ಎಂದಳು. ಪ್ಲಾಸ್ಟಿಕ್ ತಟ್ಟೆಯನ್ನು ಎಸೆದು ಸರಪಳಿಯ ಬುಟ್ಟಿಗೆ ಬೀಳಿಸುವುದಂತೆ. ಅದೂ ವೆಲ್ಲಿಂಗ್ಟನ್ನಿನ ಸದಾ ಬೀಸುವ ಆ ಗಾಳಿಯಲ್ಲಿ.

ಇದೂ ಒಂದು ಆಟವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಮುಂದಿನ ಮ್ಯಾಚ್ ಯಾವತ್ತು ಪುಟ್ಟಿ? ನಾನೂ ಅಪ್ಪನೂ ಬರ್ತೀವಿ. ಕೂತ್ಕೊಳ್ಳೋಕೆ ಏನಾದ್ರೂ ತರ್ಬೇಕಾ?"

ನನ್ನ ಮಗಳು, ತಡವರಿಸುತ್ತ, ಕನ್ನಡದಲ್ಲಿ ಹೇಳಿದಳು:

"ಏನೂ ಬೇಡ ಅಮ್ಮ. ನೀವು ಬನ್ನಿ."