ಪೂರ್ತಿ ವಾಕ್ಯದ ಮಾಸ್ಟ್ರು

ವಾರಿಜಾ, ನಿನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೆಡ್‌ಮಾಸ್ಟರರಿಗೆ ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೇನೆ, ಇನ್ನು ನನ್ನಿಂದಾಗದು.

ಮೂಡಬಿದ್ರೆಯಿಂದ ಬೆಳ್ತಂಗಡಿಯ ಶಾಲೆಗೆ ಹೊಸದಾಗಿ ಬಂದ ಇಂಗ್ಲಿಷ್ ಮಾಸ್ಟ್ರು ನಾನು — ಬಿ.ಎ. ಎಂಬ ಜಂಬ ಬೇರೆ. ಉತ್ತರ ಪೂರ್ತಿ ವಾಕ್ಯದಲ್ಲೇ ಬರಬೇಕು, ತಡವರಿಸಿದರೆ ಬೆಂಚಿನ ಮೇಲೆ ನಿಲ್ಲಬೇಕು. ಇದು ನನ್ನ ಕಾನೂನು. ನೀನು ಕಕ್ಕಿಂಜೆಯ ಹುಡುಗಿ. ನಿನ್ನ ಅಪ್ಪ ಘಾಟಿಯ ಮೇಲಿನ ಕಾಫಿ ತೋಟದ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅಡುಗೆಯವರು. ದೊರೆಯ ಮಕ್ಕಳ ಜೊತೆ ಆಡಿ ಬೆಳೆದವಳು ನೀನು.

ಒಂದು ದಿನ ವೇಣೂರಿನ ಗೊಮ್ಮಟನನ್ನು ನೋಡಲು ಹೊರಟಿದ್ದ ಬಿಳಿಯ ದಂಪತಿಯ ಕಾರು ಬಿಸಿಯಾಗಿ ಶಾಲೆಯ ಎದುರು ನಿಂತಿತು. ಹೆಡ್‌ಮಾಸ್ಟರರು ನನ್ನನ್ನೇ ಕಳಿಸಿದರು. ಮನಸ್ಸಿನಲ್ಲಿ ಜೋಡಿಸಿಕೊಂಡ ಉದ್ದ ವಾಕ್ಯವೊಂದನ್ನು ಒಪ್ಪಿಸಿದೆ. ಆತ ಏನೋ ಹೇಳಹೊರಟ, ನಡುವೆ ಬಿಟ್ಟ, ಇನ್ನೆಲ್ಲಿಂದಲೋ ಶುರುಮಾಡಿದ, ಅದರ ಮೇಲೆಯೇ ಹೆಂಡತಿ ಮಾತಾಡಿದಳು — ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲದಕ್ಕೂ "ಎಸ್, ಎಸ್" ಅಂದೆ. ಆಗ ನೀನು ನೀರಿನ ಕೊಡ ಹಿಡಿದು ಬಂದೆ, ಬಂದವಳೇ ಮಾತಿಗೆ ಸೇರಿದೆ.

"ವೆಲ್... ನೋ, ನಾಟ್ ದಟ್ ರೋಡ್ — ದಿ ಅದರ್ ಒನ್..."

ಅವನ ಅರ್ಧ ಮಾತನ್ನು ನೀನು ಮುಗಿಸಿದೆ, ನಿನ್ನದನ್ನು ಅವಳು. ನಡುವೆ ಹ್ಞಾಂ, ಹ್ಞೂಂ, ನಗು. ಹತ್ತು ನಿಮಿಷದಲ್ಲಿ ನಾನು ಕಲಿಸುವಂಥ ಒಂದೇ ಒಂದು ವಾಕ್ಯ ಇಲ್ಲ! ಆದರೂ ಮೂವರಿಗೂ ಎಲ್ಲ ತಿಳಿಯಿತು. ಶಾಲೆಯ ಮಕ್ಕಳೆಲ್ಲ ನೋಡುತ್ತಿದ್ದರು.

ನನಗೆ ಅಲ್ಲೇ ಅರ್ಥವಾಗಿತ್ತು, ವಾರಿಜಾ. ಮನೆಯಲ್ಲಿ ಅಮ್ಮನೊಂದಿಗೆ ನಾನು ತುಳುವಿನಲ್ಲಿ ಮಾತಾಡುವುದೂ ಹೀಗೆಯೇ ಅಲ್ಲವೇ — ಅರ್ಧ ಹೇಳುವುದು, ತಿದ್ದಿಕೊಳ್ಳುವುದು, ಉಳಿದದ್ದನ್ನು ಅವಳು ಹಿಡಿದುಕೊಳ್ಳುವುದು... ವ್ಯಾಕರಣ ನೋಡಿಕೊಂಡು ಯಾರು ಗಂಜಿ ಕೇಳುತ್ತಾರೆ? ಇಂಗ್ಲಿಷೂ ಯಾರದೋ ಮನೆಮಾತು ಎಂಬುದು ಈ ಬಿ.ಎ.ಗೆ ಅದುವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲಾದರೂ — ಇಲ್ಲ. ಮರುದಿನ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ನಿನ್ನದು ಬಂಗಲೆಯ ಅಡುಗೆಯವರ ಬಟ್ಲರ್ ಇಂಗ್ಲಿಷ್ ಎಂದು ಕ್ಲಾಸನ್ನೆಲ್ಲ ನಗಿಸಿದೆ. ಅಂದಿನಿಂದ ನೀನು ಬಾಯಿ ಬಿಡಲಿಲ್ಲ.

ಆ ವರ್ಷವೇ ಮಂಗಳೂರಿನ ಆಸ್ಪತ್ರೆಯೊಂದು ನರ್ಸ್ ತರಬೇತಿಗೆ, ವಿದೇಶಿ ಡಾಕ್ಟರರ ಜೊತೆ ಮಾತಾಡಬಲ್ಲ ಒಬ್ಬ ಹುಡುಗಿಯ ಹೆಸರು ಕೇಳಿತು. ಹೆಡ್‌ಮಾಸ್ಟರರು ನನ್ನನ್ನು ಕರೆದರು.

"ವಾರಿಜಾಳನ್ನು ಕಳಿಸುವನಾ ಮಾಸ್ಟ್ರೆ? ಅವಳಿಗೆ ಇಂಗ್ಲಿಷ್ ಉಂಟಲ್ಲ, ಅವತ್ತು ಕಾರಿನವರ ಹತ್ತಿರ ಮಾತಾಡಿದ್ದಾಳಂತೆ."

"ಎಲ್ಲಿ ಉಂಟು ಸರ್? ಅದು ಅಡುಗೆಮನೆಯ ಮಾತು. ಇಂಗ್ಲಿಷ್ ಅವಳಿಗೆ ಬರುವುದೇ ಇಲ್ಲ. ಶಾಲೆಯ ಮರ್ಯಾದೆ ಹೋಗ್ತದೆ."

ಬೇರೆ ಹುಡುಗಿಯ ಹೆಸರು ಹೋಯಿತು. ನಿನಗೆ ಮದುವೆಯಾಯಿತು.

ಮೊನ್ನೆ ಬಂಟ್ವಾಳ ಪೇಟೆಯಲ್ಲಿ ಸಿಕ್ಕಿದೆಯಲ್ಲ — ಕಟ್ಟಿದ ಬೀಡಿ ಕೊಡಲು ನೀನು ಬಂದಿದ್ದೆ, ಜೊತೆಗೆ ಮಗಳು. ಅಷ್ಟು ವಿನಯದಿಂದ ನೀನು ನಿಂತದ್ದೇ ನನಗೆ ಸಹಿಸಲಾಗಲಿಲ್ಲ.

"ಇವಳಿಗೂ ಈಗ ಇಂಗ್ಲಿಷ್ ಶುರುವಾಗಿದೆ ಸರ್. ಮಾಸ್ಟ್ರು ಬರೆಸಿದ್ದು ಬಿಟ್ಟು ಬೇರೆ ಒಂದು ಮಾತೂ ಆಡಬೇಡ ಅಂತ ಹೇಳಿದ್ದೇನೆ. ನನ್ನ ಹಾಗೆ ಆಗುವುದು ಬೇಡ. ಅಲ್ವಾ ಸರ್?"

ನಾನು — ಹೌದು ಎಂದು ತಲೆಯಾಡಿಸಿದೆ. ತಲೆಯಾಡಿಸಿ ಬಸ್ಸು ಹತ್ತಿದೆ! ಈ ತಲೆಗೆ ಏನು ಹೇಳಲಿ? ಹರೆಯದ ಜಂಬ ಎಂದು ಹಿಂದಿನದನ್ನು ತಳ್ಳಿಹಾಕಬಹುದಿತ್ತೇನೋ. ಮೊನ್ನೆಯದಕ್ಕೆ ಯಾವ ನೆಪವೂ ಇಲ್ಲ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಕ್ಷಮೆ ಕೇಳಲಿಕ್ಕಲ್ಲ — ಅದನ್ನು ಕೇಳುವ ಮುಖ ನನಗಿಲ್ಲ. ನಿನ್ನ ಮಗಳನ್ನು ಹತ್ತಿರ ಕೂರಿಸಿಕೊಂಡಿರು. ಅವಳ ಅಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಮಾಸ್ಟ್ರಿಗೇ ಬರುತ್ತಿರಲಿಲ್ಲ ಎಂದು ಅವಳೆದುರೇ ಹೇಳಬೇಕಾಗಿದೆ.