ಒಸಡು ಕೊಯ್ದ ಗುರುವಾರ

೧೯೬೩ರ ಮೇ ತಿಂಗಳು. ತಾರೀಕು ಹೇಳಹೋದರೆ ತಪ್ಪಾದೀತು. ಗುರುವಾರ ಎಂಬುದು ಮಾತ್ರ ಖಚಿತ, ಏಕೆಂದರೆ ಬಂಟ್ವಾಳದ ದಂತವೈದ್ಯರು ನಮ್ಮ ಮೂಡಬಿದಿರೆಗೆ ಬರುತ್ತಿದ್ದದ್ದು ಗುರುವಾರಗಳಲ್ಲಿ ಮಾತ್ರ.

ಮಂಗಳೂರಿನಲ್ಲಿ ಬಿ.ಎ. ಮುಗಿಸಿದ್ದ ನಾನು ಜೂನ್‌ನಲ್ಲಿ ಬೆಳ್ತಂಗಡಿಯ ಶಾಲೆಯೊಂದಕ್ಕೆ ಅಧ್ಯಾಪಕಿಯಾಗಿ ಸೇರಬೇಕಿತ್ತು. ಅಷ್ಟರಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಮೇಲಿನ ಸಾಲಿನ ಮುಂದಿನ ಹಲ್ಲೊಂದು ಒಸಡಿನ ಮಟ್ಟಕ್ಕೆ ಮುರಿದುಹೋಯಿತು. ಮುಂದಿನ ಹಲ್ಲಿಲ್ಲದ ಬಾಯಲ್ಲಿ ಮಕ್ಕಳ ಮುಂದೆ ಹೇಗೆ ನಿಲ್ಲುವುದು? ಕೀಳಿಸಿಬಿಡು ಎಂದು ಎಲ್ಲರೂ ಹೇಳಿದರು. ಡಾಕ್ಟರು ಮಾತ್ರ ಒಪ್ಪಲಿಲ್ಲ.

"ಬೇರು ಗಟ್ಟಿ ಉಂಟು. ಒಸಡು ಸ್ವಲ್ಪ ಕೊಯ್ದು ತೆಗೆದ್ರೆ ಹಲ್ಲು ಉದ್ದ ಕಾಣ್ತದೆ. ಆಗ ಅದರ ಮೇಲೆ ಹಲ್ಲಿನ ಆಕಾರದ ಟೊಪ್ಪಿ ಕೂರಿಸ್ಬಹುದು," ಎಂದರು.

ಮೊದಲು ಹಲ್ಲಿನ ನರ ತೆಗೆದರು. ಅದಾಗಿ ಎರಡು ವಾರಕ್ಕೆ ಒಸಡು ಕೊಯ್ಯುವ ದಿನ ಬಂತು. ಹೆದರಿಕೆಯಲ್ಲಿ ನಾನು ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಸೂಜಿ ಚುಚ್ಚಿದ ಮೇಲೆ ನೋವಾಗಲಿಲ್ಲ. ಆದರೆ ಡಾಕ್ಟರ ಕನ್ನಡಕದಲ್ಲಿ ಕೆಂಪಗಿನದೇನೋ ಕಾಣುತ್ತಿತ್ತು. ಅದು ನನ್ನದೇ ಬಾಯಿ ಎಂದು ತಿಳಿದಾಗ ಕಣ್ಣು ಮುಚ್ಚಿಕೊಂಡೆ. ಕೊನೆಗೆ ಗಾಯದ ಮೇಲೆ ಲವಂಗದೆಣ್ಣೆಯ ವಾಸನೆಯ ಮುದ್ದೆಯೊಂದನ್ನು ಮೆತ್ತಿದರು.

"ಜೋಮು ಇಳಿಯುವ ತನಕ ಏನೂ ತಿನ್ಬಾರದು. ಈ ಮುದ್ದೆ ಎಂಟು ದಿನ ಹೀಗೇ ಇರ್ಬೇಕು. ಇದು ಎದ್ದುಹೋಗಿ ಗಾಯ ಕೀವಾದರೆ ಹಲ್ಲು ಉಳೀತದೆ ಅಂತ ನಾನು ಹೇಳುವುದಿಲ್ಲ."

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮನೆಗೆ ಬಂದಾಗ ಬಿಸಿಲು ತೆಂಗಿನ ಗರಿಗಳ ತುದಿಗೆ ಏರಿತ್ತು. ತುಟಿ ಇನ್ನೂ ಹಲಗೆಯಂತಿತ್ತು. ಈಗ ಉಣ್ಣದಿದ್ದರೆ ಮರುದಿನ ಬೆಳಗಿನವರೆಗೆ ಉಪವಾಸ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬಲಾರೆ. ಅಜ್ಜಿ, ಅಪ್ಪನ ತಾಯಿ, ಅಡುಗೆಮನೆಯ ಬಾಗಿಲಲ್ಲಿ ನಿಂತು "ಹೊತ್ತು ಮುಳುಗ್ತದೆ ಮಗಾ, ಬೇಗ ಉಣ್ಣು" ಎಂದು ಅವಸರಿಸಿದಂತೆ ನೆನಪು. ಹತ್ತಾರು ಜನರಿಗೆ ಹಾಗೆಯೇ ಹೇಳಿದ್ದೇನೆ. ಇದನ್ನು ಬರೆಯುವ ಮುಂಚೆ, ತಾರೀಕು ಹಾಕದೆ ಬರೆಯುತ್ತಿದ್ದ ಆ ವರ್ಷದ ಡೈರಿ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಹೀಗಿದೆ: "ಹಸಿವು ತಡೆಯಲಿಲ್ಲ. ಅಜ್ಜಿ ಬೇಡವೆಂದರು. ಬಡಿಸಿಕೊಂಡೆ."

ಬಿಸಿ ಗಂಜಿ. ತುಟಿಗೆ ಬಿಸಿಯೂ ತಿಳಿಯಲಿಲ್ಲ, ಏನು ಜಗಿಯುತ್ತಿದ್ದೇನೆಂದೂ ತಿಳಿಯಲಿಲ್ಲ. ಅಜ್ಜಿ ಕಿರುಚಿದಾಗ ಬಟ್ಟಲು ನೋಡಿದೆ. ಗಂಜಿ ಕೆಂಪಾಗಿತ್ತು, ಮುದ್ದೆ ಅದರಲ್ಲಿ ತೇಲುತ್ತಿತ್ತು.

ಅಂಗಳದಲ್ಲಿದ್ದ ಅಪ್ಪ ನನ್ನ ಕೈ ಹಿಡಿದು ಪೇಟೆಗೆ ಓಡಿದರು. ಸೆರಗು ಒದ್ದೆಯಾಗುತ್ತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರು ಹತ್ತಿದ್ದ ಬಂಟ್ವಾಳದ ಬಸ್ಸು ಆಗಲೇ ಹೊರಟಿತ್ತು. ಅಪ್ಪ ಅದರ ಮುಂದೆ ಹೋಗಿ ಕೈಯೆತ್ತಿ ನಿಂತುಬಿಟ್ಟರು.

ಡಾಕ್ಟರು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹತ್ತಿಬಟ್ಟೆಯಿಟ್ಟು ಹೆಬ್ಬೆರಳಿನಿಂದ ಒಸಡನ್ನು ಒತ್ತಿ ಹಿಡಿದರು. ಮಬ್ಬುಗತ್ತಲೆ. ಕಂಡಕ್ಟರು ಟಾರ್ಚ್ ಹಿಡಿದ.

"ಬಸ್ಸಿನಲ್ಲೇ ಆಸ್ಪತ್ರೆ ತೆರೆಯುವುದಾ ಮಾರಾಯ್ರೆ? ನಾವು ಮನೆಗೆ ಹೋಗುವುದು ಬೇಡವಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಮ್ಮ ಹಲ್ಲಿಗೆ ಬಂದಾಗಲೂ ನಿಲ್ಲಿಸ್ತೇನೆ, ಕೂತ್ಕೊಳ್ಳಿ!" ಎಂದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು.

"ತಿನ್ಲಿಕ್ಕೆ ಕೊಟ್ಟದ್ದು ಯಾರು?" ಡಾಕ್ಟರು ಸಿಟ್ಟಿನಿಂದ ಕೇಳಿದರು.

"ನಮ್ಮ ಅಮ್ಮ ಇರ್ಬೇಕು ಡಾಕ್ಟ್ರೇ. ಹೊತ್ತು ಮುಳುಗ್ತದೆ ಅಂತ ಒತ್ತಾಯ ಮಾಡಿರ್ತಾರೆ," ಎಂದು ಅಪ್ಪ ನನ್ನ ಕಡೆ ತಿರುಗಿದರು. "ಅಲ್ಲವಾ?"

ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರ ಹೆಬ್ಬೆರಳಿನ ಒತ್ತಡಕ್ಕೆ ತಲೆ ತಾನಾಗಿ ಅಲ್ಲಾಡಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ, ಆಡಿಸಿದ್ದು ನಾನೇ.

ಕಾಲು ಗಂಟೆಯಾದರೂ ಆಗಿರಬೇಕು, ರಕ್ತ ನಿಂತಿತು. ಡಾಕ್ಟರು ಪೆಟ್ಟಿಗೆ ತೆರೆದು ಹೊಸ ಮುದ್ದೆ ಮೆತ್ತಿ, "ಇವತ್ತು ಮಾತು ಕೂಡ ಬೇಡ," ಎಂದು ನನ್ನನ್ನು ಇಳಿಸಿದರು.

ಮನೆಯಲ್ಲಿ ಅಪ್ಪ ಅಜ್ಜಿಯ ಮೇಲೆ ರೇಗಿದರು. "ಒಂದು ಹೊತ್ತು ಉಪವಾಸ ಇದ್ದಿದ್ದರೆ ಅವಳು ಸಾಯ್ತಿದ್ದಳಾ? ಯಾಕೆ ಒತ್ತಾಯ ಮಾಡಿದ್ದು?"

ಅಜ್ಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಅವಳೆದುರು ಕೂಗ್ಬೇಡ. ಮಾತಾಡಲು ಹೋಗಿ ಪುನಃ ರಕ್ತ ಬಂದೀತು," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನದಿಂದ ಅಜ್ಜಿ ದಿನಕ್ಕೆ ಒಂದೇ ಹೊತ್ತು ಉಂಡರು. ನನ್ನ ಗಾಯ ಮಾಗಲೆಂದು ವ್ರತವಂತೆ. ಎಂಟು ದಿನವೂ ಕನ್ನಡಿ ಹಿಡಿದು ಕೀವಾಗಿದೆಯೇ ಎಂದು ನಾನು ಹೆದರುತ್ತಿದ್ದರೆ, ಅವರು ಮಧ್ಯಾಹ್ನದ ಊಟ ಮುಗಿಸಿ ಬಟ್ಟಲು ತೊಳೆದು ಕವುಚಿ ಇಡುತ್ತಿದ್ದರು. ಮಾತು ಬೇಡವೆಂದು ಡಾಕ್ಟರು ಹೇಳಿದ್ದು ಆ ಒಂದು ದಿನಕ್ಕೆ ಮಾತ್ರ. ಮರುದಿನವೂ, ಅದರ ಮರುದಿನವೂ ನಾನು ನಿಜ ಹೇಳಲಿಲ್ಲ.

ಗಾಯ ಮಾಗಿತು. ಹಲ್ಲಿಗೆ ಟೊಪ್ಪಿ ಕೂರಿಸಿಕೊಂಡು ಬೆಳ್ತಂಗಡಿಗೆ ಹೊರಟ ದಿನ ಅಜ್ಜಿ ನನ್ನ ಗಲ್ಲ ಹಿಡಿದೆತ್ತಿ, "ನಗು ನೋಡುವ," ಎಂದರು. ನಕ್ಕೆ. "ಚಂದ ಉಂಟು," ಎಂದರು. ಬಾಯಿ ತೆರೆದಿತ್ತು, ಅಪ್ಪನೂ ಅಲ್ಲೇ ಇದ್ದರು. ಆಗಲಾದರೂ ಹೇಳಬಹುದಿತ್ತು.