ಯಾರು ಏನ್ ಕೇಳಿದ್ರೂ ಬೇಡ ಅನ್ನಿ

ಬೆಳಕು ಹರಿಯುವ ಮೊದಲೇ ಅವಳು ಹಾಲು ಕಾಯಿಸಿದ್ದಳು, ಡ್ರಮ್ಮಿಗೆ ನೀರು ತುಂಬಿದ್ದಳು, ಗಂಡನ ಅಂಗಿಗೆ ಇಸ್ತ್ರಿ ಹಾಕಿದ್ದಳು, ಅತ್ತೆಯ ಮಾತ್ರೆಗಳನ್ನು ಬಟ್ಟಲಿನಲ್ಲಿ ತೆಗೆದಿಟ್ಟಿದ್ದಳು, ಫೈರ್‌ವಾಲ್ ಎಂಬ ಕಾವಲು ಗೋಡೆಯಲ್ಲಿ ಒಂದು ಕಿಂಡಿ ತೆರೆದಿದ್ದಳು.

ಸಂಬಳ ಬರುತ್ತಿದ್ದುದು ಕೊನೆಯದಕ್ಕೆ ಮಾತ್ರ. ಆಫೀಸಿನವರು ಅವಳನ್ನು ಅಡ್ಮಿನ್ ಎನ್ನುತ್ತಿದ್ದರು, ಮನೆಯವರು ‘ಎಲ್ಲಿದೀಯೇ’ ಎನ್ನುತ್ತಿದ್ದರು. ದೂರದ ಶಾಖೆಗಳ ಕಂಪ್ಯೂಟರುಗಳಿಗೆ ಮನೆಯಿಂದಲೇ ಹೊಸ ಅಪ್ಲಿಕೇಶನ್ ಕಳಿಸಿ ಕೂರಿಸುವುದು ಅವಳ ಉದ್ಯೋಗ. ಕಂಪ್ಯೂಟರುಗಳು ಮಹಾ ಸಂಶಯದ ಪ್ರಾಣಿಗಳು. ಬರುವವನಿಗೆ ದಾರಿ ಬಿಡಿಸಬೇಕು, ಅವನನ್ನು ನಂಬಬಹುದೆಂದು ಬರೆದುಕೊಡಬೇಕು, ಉಳಿದವರನ್ನು ಹೊಸಿಲಾಚೆಯೇ ನಿಲ್ಲಿಸಬೇಕು. ನಡುಮನೆಯ ಹಳೆಯ ಕಂಪ್ಯೂಟರಿನಲ್ಲಿ ಪರೀಕ್ಷೆ, ಆಮೇಲೆ ಶಾಖೆಗಳು. ಇವತ್ತು ಆಫೀಸು ತೆರೆಯುವುದರೊಳಗೆ ಆಗದಿದ್ದರೆ ಮುಖ್ಯ ಕಚೇರಿಗೇ ಬಂದು ಕೂತು ಮಾಡಿ ಎಂದಿದ್ದರು ಮೇಲಿನವರು. ಅದಿದ್ದದ್ದು ಬೇರೆ ಊರಿನಲ್ಲಿ. ಅಂದರೆ ಕೆಲಸ ಹೋದಂತೆಯೇ.

ತನ್ನ ಕೋಣೆಯಿಂದ ನಡುಮನೆಯ ಕಂಪ್ಯೂಟರಿಗೆ ಅಪ್ಲಿಕೇಶನ್ ಕಳಿಸಿದಳು. ‘ನಿರಾಕರಿಸಲಾಗಿದೆ’ ಎಂದು ಬಂತು. ಕಿಂಡಿ ಸರಿಯಿತ್ತು, ನಂಬಬಹುದೆಂದು ಬರೆದುಕೊಟ್ಟದ್ದೂ ಸರಿಯಿತ್ತು. ಮತ್ತೆ ಕಳಿಸಿದಳು. ನಿರಾಕರಿಸಲಾಗಿದೆ. ನಡುನಡುವೆ ಗಂಡ ಬಾಗಿಲು ತಟ್ಟುತ್ತಿದ್ದ. “ಟವೆಲ್ ಎಲ್ಲೇ?” “ಕಾಲುಚೀಲ ಒಂದೇ ಇದೆಯಲ್ಲೇ?” “ನೀನು ಬಿಜೀನಾ?”

ಮತ್ತೊಮ್ಮೆ ಕಳಿಸಿ, ತಲೆ ಕೆಟ್ಟು ಹೊರಗೆ ಬಂದಳು. ಹಳೆಯ ಕಂಪ್ಯೂಟರಿನ ಮುಂದೆ ಅತ್ತೆ ಕನ್ನಡಕ ಏರಿಸಿ ಕೂತಿದ್ದರು. ತೆರೆಯ ಮೇಲೆ ‘ಒಳಗೆ ಬಿಡಬಹುದೇ?’ ಎಂಬ ಪ್ರಶ್ನೆ ಮೂಡಿತು. ಅತ್ತೆ ಸೊಳ್ಳೆ ಹೊಡೆದಷ್ಟು ಚುರುಕಾಗಿ ‘ಬೇಡ’ ಒತ್ತಿದರು.

“ಅತ್ತೆ, ಏನ್ ಮಾಡ್ತಿದೀರಾ?”

“ಬೆಳಗಾಗೆದ್ದು ಯಾವನೋ ಬರ್ಲಾ ಬರ್ಲಾ ಅಂತಿದಾನೆ ಕಣೆ. ಮೋಸಗಾರರು ಜಾಸ್ತಿ, ಯಾರು ಏನ್ ಕೇಳಿದ್ರೂ ಬೇಡ ಅನ್ನಿ ಅಂತ ನೀನೇ ಹೇಳಿದ್ಯಲ್ಲ.”

“ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?”

“ನೀನು ಕೆಲಸದಲ್ಲಿದ್ದೆ. ಕೆಲಸ ಮಾಡೋರಿಗೆ ತೊಂದರೆ ಕೊಡ್ಬಾರ್ದು.”

ಆ ಮನೆಯಲ್ಲಿ ಅವಳು ಈ ಮಾತು ಕೇಳಿದ್ದು ಅದೇ ಮೊದಲು. ಎದುರು ಕೂತವರನ್ನು ಕೇಳದೆಯೇ ಒಳಗೆ ಬಿಡುವ ಸೆಟ್ಟಿಂಗ್ ಹಾಕಲು ಅವಳೇ ಮರೆತಿದ್ದಳು. ಈಗ ಹಾಕಿದಳು. ಆಮೇಲೆ ಅತ್ತೆಯ ಕುರ್ಚಿಯನ್ನು ಎಳೆದು ತನ್ನ ಕೋಣೆಯ ಬಾಗಿಲಿಗೆ ಅಡ್ಡ ಹಾಕಿದಳು.

“ಇಲ್ಲಿ ಕೂತು ಅದೇ ‘ಬೇಡ’ ಹೇಳ್ತಿರಿ ಅತ್ತೆ.”

“ನನ್ ಮಗ ಕೇಳಿದ್ರೆ?”

“ಮೋಸಗಾರರು ನಮ್ಮೋರ ಧ್ವನೀಲೇ ಬರ್ತಾರೆ.”

ಈ ಸಲ ಅಪ್ಲಿಕೇಶನ್ ಸಲೀಸಾಗಿ ಕೂತಿತು. ಶಾಖೆಗಳಲ್ಲೂ ಒಂದೊಂದಾಗಿ ಕೂರತೊಡಗಿತು. ಬಾಗಿಲಾಚೆ ಗಂಡನ ದನಿ.

“ಅಮ್ಮಾ, ಅವಳನ್ನ ಕರಿ. ಟೀ ಉಕ್ತಿದೆ.”

“ಬೇಡ.”

“ಸ್ಟವ್ ಯಾವ ಕಡೆ ತಿರುಗಿಸ್ಬೇಕು ಅಂತಾದ್ರೂ ಕೇಳು.”

“ಬೇಡ ಅಂದ್ನಲ್ಲ. ನೀನ್ ಯಾರೋ, ಏನೋ.”

ಸ್ವಲ್ಪ ಹೊತ್ತಿಗೆ ಸ್ಟವ್ ಆರಿದ ಸದ್ದು ಕೇಳಿತು. ತಿರುಗಿಸುವ ಕಡೆ ಅವನಿಗೇ ಸಿಕ್ಕಿರಬೇಕು.

ಕೊನೆಯ ಶಾಖೆಯಿಂದಲೂ ‘ಆಯಿತು’ ಎಂದು ಬಂತು. ಹಿಂದೆಯೇ ಮೇಲಿನವರ ಸಂದೇಶ: ಮನೆಯಿಂದಲೇ ಮುಂದುವರಿಸಿ.

“ಮುಗೀತೇನೇ? ದಾರಿ ಬಿಡ್ಲಾ?” ಅತ್ತೆ ಹೊರಗಿನಿಂದ ಕೇಳಿದರು.

ಮಾಡಲು ಏನೂ ಉಳಿದಿರಲಿಲ್ಲ. ಅವಳು ಕಂಪ್ಯೂಟರ್ ಆರಿಸಿ, ದಿಂಬು ಎಳೆದುಕೊಂಡು, ನೆಲದ ಮೇಲೆ ಉದ್ದಕ್ಕೆ ಕಾಲು ಚಾಚಿದಳು.

“ಬೇಡ ಅತ್ತೆ,” ಎಂದಳು.